ಇಬ್ಬರಿಗೆ ಸೀಟು

ಶ್ರೀರಂಗಪಟ್ಟಣದ ಪ್ರವಾಸಿ ಮಾಹಿತಿ ಕೇಂದ್ರದ ಕೌಂಟರಿನಲ್ಲಿ ನಾನು ಕೂರತೊಡಗಿ ಹನ್ನೊಂದು ವರ್ಷವಾಯಿತು. ದರಿಯಾ ದೌಲತ್, ಗುಂಬಜ್, ಸಂಗಮ, ಯಾವುದಕ್ಕೆ ಬೇಕಾದರೂ ಕಣ್ಣು ಮುಚ್ಚಿಕೊಂಡು ದಾರಿ ಹೇಳುತ್ತೇನೆ. ಬೂಕನಕೆರೆಯ ನನ್ನ ತವರಿಗೆ ಮಾತ್ರ ಐದು ವರ್ಷದಿಂದ ಹೋಗಿಲ್ಲ. ಅವ್ವನ ತಿಥಿಯ ದಿನ ಅಣ್ಣ ಕೆಂಪಣ್ಣನಿಗೂ ನನಗೂ ಮಾತಿಗೆ ಮಾತು ಬೆಳೆದು, ಉಣ್ಣುತ್ತಿದ್ದ ಎಲೆ ಬಿಟ್ಟು ಎದ್ದು ಬಂದೆ. ಅವನೇ ಬಂದು ಕರೆಯುವವರೆಗೆ ಆ ಹೊಸ್ತಿಲು ತುಳಿಯಲ್ಲ ಅಂದೆ. ಅವನೂ ಕರೆಯಲಿಲ್ಲ. ನಮ್ಮ ಮನೆಯವರ ಹಠವೇ ಅಂಥದ್ದು, ಹುಟ್ಟುಗುಣ ಸುಟ್ಟರೂ ಹೋಗದು.

ಗೌರಿ ಹಬ್ಬ ಬಂದರೆ ನಮ್ಮ ಬೀದಿಯ ಹೆಂಗಸರನ್ನು ಅಣ್ಣತಮ್ಮಂದಿರು ಬಂದು ಕರೆದುಕೊಂಡು ಹೋಗುತ್ತಾರೆ. ನಾನು ಬಾಗಿಲು ಹಾಕಿಕೊಂಡು ಅಳುತ್ತೇನೆ. ಸುಳ್ಳು ಯಾಕೆ ಹೇಳಲಿ?

ಈ ಸಲ ಹಬ್ಬದ ಹಿಂದಿನ ದಿನ ಪ್ರವಾಸಿಗರ ಸಾಲಿನಲ್ಲಿ ಕೆಂಪಣ್ಣ ನಿಂತಿದ್ದ. ಒಬ್ಬನೇ ಬಂದಿದ್ದ. ತಲೆ ಪೂರಾ ನೆರೆತಿತ್ತು. ಸರದಿ ಬಂದಾಗ ನನ್ನ ಮುಖ ನೋಡದೆ, ಗೋಡೆಯ ನಕ್ಷೆ ನೋಡುತ್ತಾ ಕೇಳಿದ.

"ಕೆ.ಆರ್. ಪೇಟೆ ಬಸ್ಸು ಎಷ್ಟೊತ್ಗೆ?"

ನಮ್ಮೂರಿಗೆ ಹೋಗುವ ಆ ಬಸ್ಸಿನಲ್ಲೇ ಓಡಾಡಿ ಮುದುಕನಾದವನು! ಮೊದಲು ಅವನೇ ನನ್ನ ಹೆಸರು ಹಿಡಿದು ಕರೆಯಲಿ ಎಂದು ನಾನೂ ಬಿಗಿದುಕೊಂಡೆ. "ಹನ್ನೊಂದೂವರೆಗೆ."

"ಇಬ್ರಿಗೆ ಸೀಟು ಸಿಕ್ತದಾ?"

"ಹಬ್ಬದ ರಶ್ಶು. ನಿಂತ್ಕೊಂಡು ಹೋಗ್ಬೇಕಾಗ್ತದೆ. ಮುಂದಿನವರು ಬನ್ನಿ."

ಅವನು "ಆಯ್ತು ಬುಡಿ" ಎಂದು ಹೊರಟುಹೋದ. ಹೆಗಲ ಮೇಲೆ ಹೊತ್ತು ತಿರುಗಿದ ತಂಗಿಗೆ, ಗುರುತಿಲ್ಲದವರಿಗೆ ಹೇಳುವ ಹಾಗೆ.

ಮುಂದಿನ ನಾಲ್ಕೈದು ಜನರನ್ನು ಕಳಿಸಿ, ಹಾಸನದಿಂದ ಬಂದ ದಂಪತಿಗೆ ಸಂಗಮದ ದಾರಿ ಹೇಳಲು ಶುರು ಮಾಡಿದೆ. ಎಡಕ್ಕೆ ತಿರುಗಿ ಎನ್ನುವಷ್ಟರಲ್ಲಿ ನಾಲಿಗೆ ನಿಂತಿತು. ಒಬ್ಬನೇ ಬಂದವನು ಇಬ್ಬರಿಗೆ ಸೀಟು ಯಾಕೆ ಕೇಳಿದ?

"ಕೌಂಟರು ನೋಡ್ಕಳವ್ವ" ಎಂದು ಜೊತೆಯ ಸ್ನೇಹಳಿಗೆ ಹೇಳಿ ಬಸ್ ಸ್ಟ್ಯಾಂಡಿಗೆ ಓಡಿದೆ. ಚಪ್ಪಲಿ ಕಿತ್ತುಹೋಯಿತು, ಅಲ್ಲೇ ಬಿಟ್ಟೆ.

ಬಸ್ಸು ಆಗಲೇ ಹೊರಟಿತ್ತು. ಬಾಗಿಲಲ್ಲೂ ಜನ ಜೋತುಬಿದ್ದಿದ್ದರು. ಮೂರನೇ ಕಿಟಕಿಯಲ್ಲಿ ಕೆಂಪಣ್ಣ ಕಂಡ. ಪಕ್ಕದ ಸೀಟಿಗೆ ಟವೆಲು ಹಾಸಿ, ಅದರ ಮೇಲೆ ಕೈ ಊರಿಕೊಂಡು, ಎದುರಿಗೆ ನಿಂತ ಹೆಂಗಸಿನ ಜೊತೆ ಜಗಳಕ್ಕೆ ಬಿದ್ದಿದ್ದ.

"ಬತ್ತಾಳೆ ಕಣಮ್ಮ, ನನ್ ತಂಗಿ ಬತ್ತಾಳೆ!"

"ಅಣ್ಣಯ್ಯೋ, ನಿಲ್ಸೋ, ಬಂದೆ!" ಎಂದು ಕೂಗುತ್ತಾ ನಾನು ನಡುರಸ್ತೆಯಲ್ಲಿ ಬಸ್ಸಿನ ಹಿಂದೆ ಓಡಿದೆ.