ಎಡಗಡೆಯ ಸಂದು

ಕಾರಿನ ಅಂದಕ್ಕೆಂದು ತರಿಸಿದ ಬಾಡಿ ಕಿಟ್ ಗುಂಡ್ಲುಪೇಟೆಯ ಮೆಕ್ಯಾನಿಕ್ ದೊರೆಸ್ವಾಮಿಯ ಶೆಡ್ಡಿಗೆ ಬಂದ ದಿನ ಚಂದ್ರಕುಮಾರ್ ಕೆಲಸಕ್ಕೆ ರಜೆ ಹಾಕಿದ್ದ. ಪಾರ್ಸೆಲ್ಲನ್ನು ಬೇರೆ ಯಾರೂ ಬಿಚ್ಚಬಾರದೆಂದು ಮೊದಲೇ ಹೇಳಿಟ್ಟಿದ್ದ. ಸುತ್ತಿದ್ದ ಪ್ಲಾಸ್ಟಿಕ್ ಬಿಡಿಸಿ ಒಂದೊಂದನ್ನೂ ನೆಲದ ಮೇಲೆ ಜೋಡಿಸಿದ: ಮುಂದಿನ ಬಂಪರ್, ಹಿಂದಿನ ಬಂಪರ್, ಬಾಗಿಲುಗಳ ಕೆಳಗೆ ಕೂರುವ ಎರಡು ಉದ್ದನೆಯ ಪಟ್ಟಿ, ಡಿಕ್ಕಿಯ ಮೇಲೆ ರೆಕ್ಕೆಯಂತೆ ಕೂರುವ ಸ್ಪಾಯ್ಲರ್. ಎಲ್ಲ ಇನ್ನೂ ಬಣ್ಣ ಬಳಿಯದ ಕಪ್ಪು ಫೈಬರ್. ಪಕ್ಕದಲ್ಲಿ ನಿಂತಿದ್ದ ಅವನ ಬೆಳ್ಳಿ ಬಣ್ಣದ ಹಳೆಯ ಕಾರು ಅವುಗಳ ಎದುರು ಸ್ವಲ್ಪ ಬಡವಾಗಿ ಕಾಣುತ್ತಿತ್ತು.

ಚಂದ್ರಕುಮಾರ್ ಭೀಮನಬೀಡಿನವನು. ಬದನಗುಪ್ಪೆಯ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ತಂದೆ ಮಾದಪ್ಪ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ತಾಯಿ ಮಂಗಮ್ಮನಿಗೆ ಗಾಡಿ ಎಂದರೆ ಭಯ. ಮಗ ಕಾರು ಕೊಳ್ಳುತ್ತೇನೆಂದಾಗ ಮೂರು ದಿನ ಮಾತು ಬಿಟ್ಟಿದ್ದಳು. ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು. ಚಾಮರಾಜನಗರದಲ್ಲಿದ್ದ ಅಳಿಯ, ಚಂದ್ರಕುಮಾರನ ಅಕ್ಕನ ಗಂಡ ಶಾಂತರಾಜು ತನ್ನ ಕಾರನ್ನು ಮಾರುವ ಯೋಚನೆಯಲ್ಲಿದ್ದ. ತಗೊಳ್ಳುವುದಾದರೆ ಅದನ್ನೇ ತಗೋ, ಒಂದು ಗೀರೂ ಬೀಳದ ಹಾಗೆ ಇಟ್ಟುಕೊಂಡಿದ್ದಾರೆ, ಗೊತ್ತಿಲ್ಲದವರ ಗಾಡಿ ಬೇಡ ಎಂದಳು. ಶಾಂತರಾಜು ಮೊದಲು ಹಿಂದೆಮುಂದೆ ನೋಡಿದ. ಹೊರಗಿನವರೊಬ್ಬರಿಗೆ ಮಾತು ಕೊಟ್ಟಿದ್ದೇನೆ ಎಂದ. ಅತ್ತೆ ಬಿಡಲಿಲ್ಲ. ಗಾಡಿ ಎಲ್ಲೂ ಗುದ್ದಿಲ್ಲ ತಾನೆ ಎಂದು ಚಂದ್ರಕುಮಾರ್ ಕೇಳಿದಾಗ ಇಲ್ಲ ಎಂದಿದ್ದ.

ಬಣ್ಣ ಹೊಡೆಯುವ ಮುಂಚೆ ಎಲ್ಲವನ್ನೂ ಒಮ್ಮೆ ಕೂರಿಸಿ ನೋಡುವುದು ದೊರೆಸ್ವಾಮಿಯ ಪದ್ಧತಿ. ಬಣ್ಣ ಹೊಡೆದ ಮೇಲೆ ಉಜ್ಜಲು ಹೋದರೆ ಎರಡು ಕೆಲಸ. ಇಬ್ಬರೂ ಸೇರಿ ಹಳೆಯ ಬಂಪರ್ ಕಳಚಿ ಹೊಸದನ್ನು ಎತ್ತಿ ಹಿಡಿದರು. ಬಲಗಡೆ ಅಚ್ಚುಕಟ್ಟಾಗಿ ಕೂತಿತು. ಎಡಗಡೆ ಬಂಪರಿಗೂ ಚಕ್ರದ ಮೇಲಿನ ತಗಡಿಗೂ ನಡುವೆ ಬೆರಳು ತೂರುವಷ್ಟು ಸಂದು ಉಳಿಯಿತು. ಬಿಚ್ಚಿ ಮತ್ತೆ ಹಾಕಿದರು. ಎಡಗಡೆ ತಳ್ಳಿದರೆ ಬಲಗಡೆ ಬಾಯಿ ಬಿಡುತ್ತಿತ್ತು.

ಚಂದ್ರಕುಮಾರನ ಮುಖ ಸಪ್ಪಗಾಯಿತು. ಆನ್‌ಲೈನಿನಲ್ಲಿ ತರಿಸಿದ್ದೇ ತಪ್ಪಾಯಿತು, ಅಚ್ಚಿನಲ್ಲೇ ಸೊಟ್ಟ ಇದೆ, ವಾಪಸ್ ಕಳಿಸುತ್ತೇನೆ ಎಂದು ಗೊಣಗಿದ. ದೊರೆಸ್ವಾಮಿ ಬಂಪರನ್ನು ಕೆಳಗಿಟ್ಟ. ಬಾನೆಟ್ ಎತ್ತಿ, ಟೇಪಿನ ಒಂದು ತುದಿಯನ್ನು ಚಂದ್ರಕುಮಾರನ ಕೈಗೆ ಕೊಟ್ಟು, ಎದುರುಬದುರು ಮೂಲೆಗಳ ನಡುವೆ ಎರಡು ಸಲ ಅಡ್ಡಡ್ಡ ಅಳೆದ. ಎರಡೂ ಅಳತೆ ಒಂದೇ ಬರಬೇಕಿತ್ತು, ಬರಲಿಲ್ಲ. ಆಮೇಲೆ ಟಾರ್ಚ್ ಹಿಡಿದು ಒಳಗೆ ಬಗ್ಗಿದ. ಇಡೀ ಕಾರನ್ನು ಹೊರುವ ಚೌಕಟ್ಟು, ಚಾಸಿಯ ಎಡತುದಿಯಲ್ಲಿ ತಗಡು ನೆರಿಗೆಯಾಗಿತ್ತು. ಅದರ ಮೇಲೆ ಅವಸರದ ವೆಲ್ಡಿಂಗು, ವೆಲ್ಡಿಂಗಿನ ಮೇಲೆ ಕಪ್ಪು ಬಣ್ಣ.

"ಕಿಟ್ ಸರಿಯಾಗೇ ಅದ ಕಣ್ಲಾ ಚಂದ್ರು. ಕಾರೇ ಸೊಟ್ಟ ಅದ," ಎಂದ ದೊರೆಸ್ವಾಮಿ.

ಚಂದ್ರಕುಮಾರನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಂಬಲಿಲ್ಲ. ತಾನೇ ಬಗ್ಗಿ ನೋಡಿದ. ಆ ನೆರಿಗೆಯ ಮೇಲೆ ಬೆರಳಾಡಿಸಿದ. ಹೇಗಾದರೂ ಮಾಡಿ ಕೂರಿಸಲು ಆಗುವುದಿಲ್ಲವೇ ಎಂದು ಕೇಳಿದ. ಅವನಿಗೆ ಆ ಹೊತ್ತು ಬೇಕಾಗಿದ್ದುದು ಅದೇ, ಏನೂ ಕಾಣದ ಹಾಗಾಗುವುದು.

"ಕೊಯ್ದು, ಪುಟ್ಟಿ ತುಂಬಿ ಕೂರಿಸ್ಬೋದು. ಬಣ್ಣ ಬಿದ್ಮೇಲ ಯಾರ್ಗೂ ಗೊತ್ತಾಗಕಿಲ್ಲ. ಆದ್ರ ಇನ್ನೊಂದು ಪೆಟ್ಟು ಬಿದ್ರ ಇದು ತಡ್ಯಕಿಲ್ಲ. ನನ್ ಕೈಲಿ ಮಾಡುಸ್ಬ್ಯಾಡ. ಮೈಸೂರ್ಗ ತಗೊಂಡೋಗಿ ಚಾಸಿ ಎಳ್ಸು ಮೊದ್ಲು."

ಕಾರನ್ನು ಶೆಡ್ಡಿನಲ್ಲೇ ಬಿಟ್ಟು ಚಂದ್ರಕುಮಾರ್ ಚಾಮರಾಜನಗರದ ಬಸ್ ಹತ್ತಿದ. ತೆರಕಣಾಂಬಿ ದಾಟುವವರೆಗೆ ಭಾವನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಆಮೇಲೆ ಕೋಪ ಇಳಿದು ಬೇರೇನೋ ಬಂತು. ಇದೇ ಗಾಡಿಯಲ್ಲಿ ಎಷ್ಟು ಸಲ ಲಾರಿಗಳನ್ನು ಹಿಂದೆ ಹಾಕಿದ್ದೇನೆ ಎಂದು ಒಂದೊಂದಾಗಿ ಎಣಿಸತೊಡಗಿದ. ಶಾಂತರಾಜು ದುರಾಸೆಯ ಮನುಷ್ಯನಲ್ಲ. ಅರಿಶಿನ ಮಂಡಿಯಲ್ಲಿ ಗುಮಾಸ್ತ. ಮಾತು ಕಡಿಮೆ, ಯಾರ ಮನಸ್ಸನ್ನೂ ನೋಯಿಸಿದವನಲ್ಲ. ಅಂಥವನು ಹೆಂಡತಿಯ ತಮ್ಮನಿಗೇ ಹೀಗೆ ಮಾಡಿದ್ದು ಯಾಕೆ ಎಂಬುದು ತಿಳಿಯಲಿಲ್ಲ.

ಮನೆಯಲ್ಲಿ ಅಕ್ಕ ಮಂಗಳಗೌರಿ ಒಬ್ಬಳೇ ಇದ್ದಳು. ಹೇಳದೆ ಕೇಳದೆ ಬಂದ ತಮ್ಮನನ್ನು ನೋಡಿ ಸಂತೋಷದಿಂದ ಕಾಫಿಗೆ ಇಡಲು ಹೋದಳು. ಅವನು ಅಡುಗೆಮನೆಯ ಬಾಗಿಲಲ್ಲೇ ನಿಂತು, ಕಾರಿನ ಚಾಸಿಗೆ ಪೆಟ್ಟು ಬಿದ್ದಿರುವುದು ಇವತ್ತು ಗೊತ್ತಾಯಿತು, ಭಾವ ನನಗೆ ಸುಳ್ಳು ಹೇಳಿದರು ಎಂದ. ಅವಳು ಒಲೆ ಆರಿಸಿದಳು.

"ಅವರ್ನ ಅನ್ಬ್ಯಾಡ. ಗುದ್ದಿದ್ದು ನಾನು."

ಮದುವೆಯಾದ ಮೇಲೆ ಅವಳಿಗೆ ಕಾರು ಕಲಿಯುವ ಆಸೆಯಾಗಿತ್ತು. ಒಮ್ಮೆ ತವರಿನಲ್ಲಿ ಆ ಮಾತು ತೆಗೆದಾಗ ಮಂಗಮ್ಮ ಎಲ್ಲರೆದುರೂ, ಈ ಮನೆಯಲ್ಲಿ ರಸ್ತೆಗೆ ಒಬ್ಬರನ್ನು ಕೊಟ್ಟಿದ್ದು ಸಾಕು ಎಂದು ಬಿಟ್ಟಿದ್ದಳು. ಅದಾದ ಮೇಲೆ ಗಂಡ ಹೆಂಡತಿ ಯಾರಿಗೂ ಹೇಳದೆ ಭಾನುವಾರ ಬೆಳಗ್ಗೆ ಊರಾಚೆಯ ಖಾಲಿ ರಸ್ತೆಗಳಿಗೆ ಹೋಗತೊಡಗಿದರು. ಚೆನ್ನಾಗಿಯೇ ಕಲಿಯುತ್ತಿದ್ದಳು. ಒಂದು ದಿನ ಹಸುವೊಂದು ಅಡ್ಡ ಬಂದಾಗ ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದಳು. ಕಾರು ಮೋರಿಯ ಕಟ್ಟೆಗೆ ಗುದ್ದಿತು, ಅವಳ ಮಣಿಕಟ್ಟು ಉಳುಕಿತು. ಗಂಡ ಅವತ್ತು ಬೈಯಲಿಲ್ಲ. ಅವ್ವನಿಗೆ ತಿಳಿದರೆ ತಾನು ಇನ್ನು ಬದುಕಿರುವವರೆಗೂ ಆ ಮಾತು ಕೇಳಬೇಕೆಂದು ಅವಳು ಅತ್ತು, ಯಾರಿಗೂ ಹೇಳುವುದಿಲ್ಲವೆಂದು ಅವನಿಂದ ಆಣೆ ಹಾಕಿಸಿಕೊಂಡಳು. ಮತ್ತೆ ಅವಳು ಸ್ಟೇರಿಂಗ್ ಮುಟ್ಟಲಿಲ್ಲ. ಕಾರು ನೀನೇ ಕೊಳ್ಳುತ್ತೀಯ ಎಂದಾಗ ನಾನಾದರೂ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ ಎಂದಳು.

ಶಾಂತರಾಜು ಮಂಡಿಯಿಂದ ಬಂದಾಗ ಅಕ್ಕತಮ್ಮ ನಡುಮನೆಯಲ್ಲಿ ಕೂತಿದ್ದರು. ಅವನು ಇಬ್ಬರ ಮುಖ ನೋಡಿ, ಚಪ್ಪಲಿ ಬಿಟ್ಟು, ಬಾಗಿಲ ಹತ್ತಿರವೇ ಕೂತ. ಚಂದ್ರಕುಮಾರ್ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೇ ಉಳಿದಿತ್ತು.

"ಅಕ್ಕನ್ನ ಕಾಪಾಡುದ್ರಿ, ಸರಿ. ನಂಗ ಏನಾರ ಆಗಿದ್ರ ಭಾವ?"

ಶಾಂತರಾಜು ತಲೆ ಎತ್ತಲಿಲ್ಲ. "ರಿಪೇರಿಯೋನು ಏನೂ ಭಯ ಇಲ್ಲ ಅಂದಿದ್ದ. ಆದ್ರೂ ದಿನಾ ನೀನು ಡ್ಯೂಟಿಗ ಸೇರ್ಕಂಡೆ ಅಂತ ಗೊತ್ತಾಗೋಗಂಟ ನಂಗ ತಿಂಡಿ ಇಳೀತಿರ್ಲಿಲ್ಲ," ಎಂದ.

ಕಾರು ಕೊಂಡಾಗಿನಿಂದ ಭಾವ ದಿನಾ ಬೆಳಗ್ಗೆ ಫೋನ್ ಮಾಡುತ್ತಿದ್ದುದು ಆಗ ಚಂದ್ರಕುಮಾರನಿಗೆ ಹೊಳೆಯಿತು. ಮಳೆ ಬಂತಾ, ಬೀನ್ಸ್ ಏನು ರೇಟು ಎಂದು ಏನಾದರೊಂದು ಕೇಳಿ ಇಡುತ್ತಿದ್ದ. ಅವನಿಗೆ ಅದು ಕಿರಿಕಿರಿ ಎನಿಸಿತ್ತು. ಈಗಲೂ ಕೋಪ ಪೂರ್ತಿ ಹೋಗಲಿಲ್ಲ. ಪ್ರೀತಿಯಿಂದ ಮಾಡಿದ ತಪ್ಪಿಗೆ ಎಷ್ಟು ಕೋಪ ಮಾಡಿಕೊಳ್ಳಬೇಕು ಎಂಬುದು ಮಾತ್ರ ತಿಳಿಯದೆ ಹೋಯಿತು. ಅಕ್ಕ ಬಡಿಸಿದಳು, ಉಂಡ. ಕೊನೆಯ ಬಸ್ಸಿಗೆ ಮುಂಚೆ ಎದ್ದು ಹೊರಟ.

ಕಾರನ್ನು ಮೈಸೂರಿಗೆ ಸಾಗಿಸಿದರು. ಅಲ್ಲಿ ಅದನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಸರಪಳಿ ಹಾಕಿ ಎಳೆದು, ಹಳೆಯ ವೆಲ್ಡಿಂಗನ್ನು ಕತ್ತರಿಸಿ ಹೊಸ ತುಂಡು ಕೂರಿಸಿದರು. ವಾಪಸ್ ಬಂದ ಮೇಲೆ ದೊರೆಸ್ವಾಮಿ ಮತ್ತೆ ಅಡ್ಡಡ್ಡ ಅಳೆದು ಸರಿಯಿದೆ ಎಂದು ತಲೆಯಾಡಿಸಿದ.

ಕಿಟ್ ಕೂರಿಸುವ ದಿನ ಶಾಂತರಾಜು ಯಾರೂ ಕರೆಯದೆ ಶೆಡ್ಡಿಗೆ ಬಂದ. ಚಂದ್ರಕುಮಾರ್ ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಬಂಪರಿನ ಬಲಗಡೆ ಹಿಡಿಯಲು ಒಬ್ಬರು ಬೇಕಾಗಿತ್ತು, ಶಾಂತರಾಜು ಹಿಡಿದ. ಎಡಗಡೆ ಚಂದ್ರಕುಮಾರ್. ಈ ಸಲ ಎರಡು ಕಡೆಯೂ ಒಟ್ಟಿಗೇ ಕೂತಿತು. ಬೋಲ್ಟು ಬಿಗಿಯುವಾಗ ಸ್ವಲ್ಪ ಮೇಲೆ, ಇನ್ನು ಸ್ವಲ್ಪ ನಿಮ್ಮ ಕಡೆಗೆ ಎನ್ನುತ್ತ ಅವರಿಬ್ಬರೂ ಮಾತಾಡಲೇಬೇಕಾಯಿತು.

ಆಮೇಲೆ ಎಲ್ಲವನ್ನೂ ಬಿಚ್ಚಿ ಎಮರಿ ಕಾಗದದಿಂದ ಉಜ್ಜಿದರು. ದೊರೆಸ್ವಾಮಿ ಫೈಬರಿನ ಸಣ್ಣ ತೂತುಗಳಿಗೆ ಪುಟ್ಟಿ ತುಂಬಿ, ಪ್ರೈಮರ್ ಹೊಡೆದು ಒಣಗಲು ಬಿಟ್ಟ. ಬಣ್ಣಕ್ಕೆ ಗಾಳಿಯಿಲ್ಲದ ಬೆಳಗು ಬೇಕೆಂದು ಎರಡು ದಿನ ಕಾದ. ಹಳೆಯ ಕಾರಿನ ಬೆಳ್ಳಿ ಬಣ್ಣ ಬಿಸಿಲಿಗೆ ಮಂಕಾಗಿತ್ತು. ಡಬ್ಬಿಯ ಬಣ್ಣ ಹಾಗೇ ಹೊಡೆದರೆ ತೇಪೆಯಂತೆ ಕಾಣುತ್ತದೆಂದು, ತಗಡಿನ ಚೂರುಗಳ ಮೇಲೆ ಹೊಡೆದು ಬಾಗಿಲಿಗೆ ಹಿಡಿದು ನೋಡಿ ಹೊಂದಿಸಿದ. ಕೊನೆಯ ಹೊಳಪಿನ ಕೋಟ್ ಬಿದ್ದಾಗ ಹೊಸದು ಯಾವುದು ಹಳೆಯದು ಯಾವುದು ಎಂದು ಹೇಳಲಾಗುತ್ತಿರಲಿಲ್ಲ. ಚಂದ್ರಕುಮಾರ್ ಕಾರಿನ ಸುತ್ತ ಎಷ್ಟೋ ಸಲ ಸುತ್ತಿದ. ಅಂದುಕೊಂಡಿದ್ದಷ್ಟೇ ಚೆನ್ನಾಗಿತ್ತು. ಅಂದುಕೊಂಡಿದ್ದ ಹಾಗೆ ಕುಣಿಯಬೇಕು ಎನಿಸಲಿಲ್ಲ, ಅಷ್ಟೆ.

ಆ ಭಾನುವಾರ ಅಕ್ಕ ಭಾವಂದಿರನ್ನೂ ಕೂರಿಸಿಕೊಂಡು ಭೀಮನಬೀಡಿಗೆ ಬಂದ. ಮಂಗಮ್ಮ ಜಗಲಿಯಿಂದ ಇಳಿದು, ಕಾರನ್ನು ನೋಡಿ, ಇಷ್ಟು ದಿನ ಮೈಸೂರಿನಲ್ಲಿ ಏನು ಮಾಡಿಸಿದ್ರಿ ಎಂದು ಕೇಳಿದಳು. ಏನೋ ಬೋಲ್ಟು ಸಡಿಲವಾಗಿತ್ತು ಅವ್ವ ಎಂದ ಚಂದ್ರಕುಮಾರ್. ಆ ಮಾತು ಎಷ್ಟು ಸುಲಭವಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಭಾವನೂ ಅವತ್ತು ಹೀಗೇ ಇಲ್ಲ ಎಂದಿರಬೇಕು.

ಮಂಗಳಗೌರಿ ಅವನನ್ನು ದಾಟಿ ಮುಂದೆ ಬಂದಳು.

"ಬೋಲ್ಟಲ್ಲ ಕಣವ್ವ. ನಾನು ಕಾರು ಕಲಿಯಕ್ಕೋಗಿ ಮೋರಿ ಕಟ್ಟೆಗ ಗುದ್ಬುಟ್ಟಿದ್ದೆ. ನಿಂಗ ಎದ್ರಿ ಇವರ್ಯಾರೂ ಯೋಳ್ಲಿಲ್ಲ."

ಮಂಗಮ್ಮ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಲ್ಲರೂ ಬೈಗುಳಕ್ಕೆ ಕಾದರು. ಅವಳು ಮಗಳ ಬಲಗೈ ಹಿಡಿದು ಮಣಿಕಟ್ಟನ್ನು ತಿರುಗಿಸಿ ನೋಡಿದಳು.

"ಆ ಗೌರಿ ಹಬ್ಬದಲ್ಲಿ ನೀನು ಮುದ್ದೆ ತಿರುವಕ್ಕಾಗ್ದೆ ಕೋಲು ನನ್ ಕೈಗ ಕೊಟ್ಯಲ್ಲ, ಇದುಕ್ಕಾ?"

"ಊಂ."

"ಈಗ ನೋಯ್ತದ?"

ಇಲ್ಲವೆಂದು ತಲೆಯಾಡಿಸುವಾಗ ಮಂಗಳಗೌರಿಯ ಕಣ್ಣು ತುಂಬಿತು. ಅವ್ವ ಕೈ ಬಿಟ್ಟು ಒಳಗೆ ಹೋದಳು. ಕಾರು ಕಲಿ ಎಂದೂ ಹೇಳಲಿಲ್ಲ, ಕಲಿಯಬೇಡ ಎಂದೂ ಹೇಳಲಿಲ್ಲ. ಮಧ್ಯಾಹ್ನ ಎಲ್ಲರಿಗೂ ಒಂದೇ ಸಮ ಬಡಿಸಿದಳು, ಅಳಿಯನನ್ನು ಮಾತ್ರ ಮಾತಾಡಿಸಲಿಲ್ಲ. ಸಂಜೆ ಹೊರಡುವಾಗ ಹಿತ್ತಲಿನಲ್ಲಿ ಬಿಡಿಸಿದ ಅವರೆಕಾಯಿಯ ಚೀಲವನ್ನು ಮಗಳಿಗೆ ಕೊಡದೆ ಶಾಂತರಾಜುವಿನ ಕೈಗೇ ಕೊಟ್ಟಳು.

"ಇನ್ನೊಂದ್ಸಲ ನನ್ ಮಗೀಗ ಏನಾರ ಆದ್ರ ಮೊದ್ಲು ನಂಗ ಯೋಳಪ್ಪ. ನಾನು ಬಯ್ತೀನಿ. ಬಯ್ದು, ಓಡಿ ಬತ್ತೀನಿ."

ಶಾಂತರಾಜು ಆಗಲಿ ಎಂದು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತ. ಊರಬಾಗಿಲಿನ ರಸ್ತೆಯುಬ್ಬಿನ ಹತ್ತಿರ ಚಂದ್ರಕುಮಾರ್ ವೇಗ ತಗ್ಗಿಸಿ, ಹೊಸ ಬಂಪರ್ ತಗಲದ ಹಾಗೆ ಕಾರನ್ನು ಓರೆಯಾಗಿ ಹತ್ತಿಸಿ ನಿಧಾನವಾಗಿ ಇಳಿಸಿದ.