ಕಮಾನಿನ ಕೆಳಗಿನ ಗುರುತು

“ಏಯ್ ಮುಂಡೆ, ಮೂಗು ಮುಚ್ಕೊಂಡು ನಿಂತ್ರೆ ಹೇಲು ತಾನೇ ಎದ್ದು ಹೋಗುತ್ತಾ? ಎತ್ತೇ!”

ಪಾರ್ಕಿನ ಮೇಸ್ತ್ರಿ ಸೇತುವೆಯ ಮೇಲಿನಿಂದಲೇ ಕೂಗಿದ. ಕೆಳಗೆ ಕಲ್ಲಿನ ಕಮಾನಿನಡಿ ಗುಡಿಸುವವಳು ಸೊಂಟ ಬಗ್ಗಿಸಿ, ತಗಡಿನಲ್ಲಿ ಬಾಚಿ ಬಕೆಟ್ಟಿಗೆ ತುಂಬುತ್ತಿದ್ದಳು. ಮೇಲೆ ನಿಂತು ಫೋಟೊ ಹೊಡೆಸಿಕೊಳ್ಳುವ ದೊಡ್ಡವರು ಹೊಟ್ಟೆ ಕಿವುಚಿದರೆ ಇಳಿದು ಬರುತ್ತಿದ್ದುದು ಇಲ್ಲಿಗೇ. ಇನ್ನೂರು ವರ್ಷದ ಸೇತುವೆಯಂತೆ, ಹೂಬಳ್ಳಿ ಕೆತ್ತನೆಯಂತೆ! ಥೂ, ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು. ತುಂಬಿದ ಬಕೆಟ್ಟು ಮಾತ್ರ ಸೇತುವೆ ಹತ್ತುವಂತಿರಲಿಲ್ಲ. ಅವಳು ಮೊಣಕಾಲುದ್ದ ಕೊಳೆನೀರಿನಲ್ಲಿ ಸುತ್ತಿ ಹೋಗಬೇಕಿತ್ತು.

ತಲೆಯೆತ್ತಿದರೆ ಕಮಾನಿನ ನಡುಗಲ್ಲು. ಅದರ ತಳದಲ್ಲಿ ಅಂಗೈಯಷ್ಟು ಗುರುತು: ಹಕ್ಕಿಯ ಕಾಲಿನಂತೆ ಮೂರು ಗೆರೆ. ನಡುಗಲ್ಲು ಕೂರಿಸುವ ಕಲ್ಲುಕುಟಿಗ ಅದರಡಿ ತನ್ನ ಗುರುತು ಹೊಡೆಯುವುದು ಆ ಕಸುಬಿನವರ ರೂಢಿ. ಹೋದ ವರ್ಷ ದುರಸ್ತಿಯಲ್ಲಿ ಇದನ್ನು ಕೂರಿಸಿದವನು ಅವಳ ಗಂಡ. ಮರುದಿನ ಇನ್ನೊಂದು ಕಲ್ಲು ಎತ್ತುವಾಗ ಹಗ್ಗ ಹರಿದು ಆ ಕಲ್ಲು ಅವನ ಎದೆಯ ಮೇಲೆ ಬಿತ್ತು. ಅಂಥವನು ಇಲ್ಲಿ ಕೆಲಸ ಮಾಡಿಯೇ ಇಲ್ಲ, ಕುಡಿದು ಬಂದು ಸತ್ತಿದ್ದಾನೆ ಎಂದರು ಪಾರ್ಕಿನ ಆಫೀಸಿನವರು. ಅವನು ಇಲ್ಲಿ ದುಡಿದಿದ್ದ ಎನ್ನಲು ಉಳಿದ ಸಾಕ್ಷಿ ಆ ಮೂರು ಗೆರೆ.

ಮೇಸ್ತ್ರಿ ಉಳಿ, ಸುತ್ತಿಗೆ ಕೆಳಗೆಸೆದ.

“ಅಲ್ಲಿ ಯಾವನೋ ಬೋಳಿಮಗ ಗೀಚಿದಾನಲ್ಲ, ಕೆತ್ತಿ ಹಾಕು ಅದನ್ನ. ಇನ್ನೇನು ಸಾಹೇಬ್ರು ಬಂದು, ಸೇತುವೆ ಉದ್ಘಾಟನೆಗೆ ಟೇಪು ಕತ್ತರಿಸಿ, ದೋಣೀಲಿ ಕೆಳಗೂ ಬರ್ತಾರೆ.”

“ಅದು ಗೀಚಿದ್ದಲ್ಲಣ್ಣ, ನಮ್ಮನೆಯವರ ಗುರುತು. ಅವತ್ತು ಹೆಣ ಎತ್ತಿದ್ದು ನೀವೇ ಅಲ್ವಾ?”

ಮೇಸ್ತ್ರಿ ಅತ್ತಿತ್ತ ನೋಡಿದ. “ಬಾಯ್ಮುಚ್ಚೇ. ಸತ್ತೋನಿಗೆ ಎಂಥಾ ಗುರುತು? ಆಗಲ್ಲ ಅಂದ್ರೆ ನಾಳೆಯಿಂದ ಬರ್ಬೇಡ.”

ಹೇಲಿನ ನಾತಕ್ಕೆ ಬಾರದ ವಾಕರಿಕೆ ಅವಳಿಗೆ ಈ ಮಾತಿಗೆ ಬಂತು. ನೀರಿಗೆ ಉಗಿದಳು. ಉಳಿ ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿ, ತುಂಬಿದ ಬಕೆಟ್ಟು ಎತ್ತಿ, ಮೆಟ್ಟಿಲು ಹತ್ತಿದಳು.

“ಏಯ್! ಎಲ್ಲಿಗೇ? ಹಿಡ್ಕೊಳ್ರೋ ಅವಳನ್ನ!”

ಸೇತುವೆಯ ನಡುಮಧ್ಯೆ, ಕೆಂಪು ಹಾಸಿನ ಮೇಲೆ, ಆಗಲೇ ಬಂದು ಕತ್ತರಿ ಹಿಡಿದಿದ್ದ ಸಾಹೇಬರ ಎದುರಿಗೆ ಬಕೆಟ್ಟು ಕುಕ್ಕಿದಳು. ಕರ್ಚೀಫುಗಳು ಮೂಗಿಗೇರಿದವು.

“ಇದು ನಿಮ್ದು, ತಗೊಳ್ಳಿ. ನಮ್ಮನೆಯವರದ್ದು ಇಲ್ಲೇ ಇರುತ್ತೆ.”

ಹೂಬಳ್ಳಿ ಕೆತ್ತಿದ ಅಂಚುಗೋಡೆಗೆ ಉಳಿ ಇಟ್ಟು ಸುತ್ತಿಗೆ ಬೀಸಿದಳು. ಮೊದಲ ಗೆರೆ ಸೊಟ್ಟಗೆ ಬಂತು. ಬಕೆಟ್ಟು ದಾಟಿ ಅವಳನ್ನು ಹಿಡಿಯಲು ಒಬ್ಬನೂ ಮುಂದೆ ಬರಲಿಲ್ಲ. ಅವಳು ಎರಡನೆಯ ಗೆರೆಗೆ ಉಳಿ ಇಟ್ಟಳು.