ಕಿವಿ ಕೇಳದವರಿಗೆ ಫೋನ್ ಯಾಕೆ?

ದೂರವಾಣಿ ಕಚೇರಿಯ ಅಧಿಕಾರಿ ಆ ಮಾತನ್ನು ಕೆಟ್ಟ ಮನಸ್ಸಿನಿಂದೇನೂ ಆಡಿರಲಿಲ್ಲ. ನರ್ಸಮ್ಮನ ಮೈ ಇನ್ನಷ್ಟು ಉರಿಸಿದ್ದು ಅದೇ.

“ಇವರಿಗೆ ಕಿವೀನೇ ಕೇಳಿಸಲ್ಲ ಅಂತೀರಿ. ಮತ್ತೆ ಫೋನ್ ಯಾಕಮ್ಮಾ?” ಎಂದು ಆತ ನಗುನಗುತ್ತಲೇ ಕೇಳಿದ. ಗಡಿಯಾರದವರು ಎದುರಿಗೇ ಕೂತಿದ್ದರು. ಆದರೂ ಕೇಳಿದ್ದು ಅವರನ್ನಲ್ಲ, ಅವರ ಹೆಂಡತಿಯನ್ನು. ಯಾರೋ ಕುರ್ಚಿಯ ಮೇಲೆ ಮರೆತುಹೋದ ಕೊಡೆಯ ಬಗ್ಗೆ ವಿಚಾರಿಸಿದ ಹಾಗಿತ್ತು.

ಗಡಿಯಾರದವರು ಹುಟ್ಟುಕಿವುಡರು. ಬೀದಿಯ ಮೂಲೆಯ ಚಿಕ್ಕ ಅಂಗಡಿಯಲ್ಲಿ ಕೂತು ಊರಿನ ಕೈಗಡಿಯಾರಗಳನ್ನೆಲ್ಲ ರಿಪೇರಿ ಮಾಡಿದವರು. ನರ್ಸಮ್ಮ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾಗಿದ್ದರೂ ಆ ಹೆಸರಿನಿಂದ ನಿವೃತ್ತಳಾಗಿರಲಿಲ್ಲ. ಮದುವೆಯಾದ ಹೊಸದರಲ್ಲೇ ಕೈ ಭಾಷೆ ಕಲಿತಿದ್ದಳು. ಗಂಡನಿಗೆ ಬಾಯಲ್ಲಿ ‘ನೀವು’ ಅನ್ನುತ್ತಿದ್ದಳು. ಕೈಗೆ ಬಹುವಚನ ಬಾರದ್ದರಿಂದ ಅದು ಜೀವಮಾನವಿಡೀ ‘ನೀನು’ ಎಂದೇ ಹೇಳಿಕೊಂಡು ಬಂದಿತ್ತು.

ಅವರ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು. ನೋಡಲು ದಪ್ಪನೆಯ ಟೈಪ್‌ರೈಟರ್ ಕೀಲಿಮಣೆ, ಅಷ್ಟೇ; ಪರದೆಯ ಬದಲು ಟಿವಿಗೆ ತಂತಿ ಸಿಕ್ಕಿಸಬೇಕು, ಪ್ರೋಗ್ರಾಮನ್ನು ಕ್ಯಾಸೆಟ್ಟಿನಿಂದ ಓಡಿಸಬೇಕು. ಅದರ ಜೊತೆಗೆ ಮೋಡೆಮ್. ಎರಡು ರಬ್ಬರ್ ಬಟ್ಟಲುಗಳಿರುವ ಪೆಟ್ಟಿಗೆ ಅದು. ಫೋನಿನ ರಿಸೀವರನ್ನು ಬೋರಲಾಗಿ ಆ ಬಟ್ಟಲುಗಳೊಳಗೆ ಒತ್ತಿ ಕೂರಿಸಿದರೆ, ಇಲ್ಲಿ ಒತ್ತಿದ ಅಕ್ಷರ ಸಿಳ್ಳೆಯಾಗಿ ತಂತಿಯಲ್ಲಿ ಹೋಗಿ ಆಚೆ ಕಡೆಯ ಟಿವಿಯ ಮೇಲೆ ಮತ್ತೆ ಅಕ್ಷರವಾಗಿ ಮೂಡುತ್ತಿತ್ತು.

ಆಚೆ ಕಡೆ ಇದ್ದದ್ದು ಬೇರೆ ಊರಿನ ಬಡಗಿ. ಕಿವುಡರ ಶಾಲೆಯಲ್ಲಿ ಗಡಿಯಾರದವರ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಇಬ್ಬರೂ ಪ್ರಾಯದಲ್ಲಿ ಒಂದೇ ಮಾದರಿಯ ಕಂಪ್ಯೂಟರ್ ತಂದಿದ್ದರು. ಅಂದಿನಿಂದ ಭಾನುವಾರ ಬೆಳಿಗ್ಗೆ ಇಬ್ಬರೂ ತಂತಮ್ಮ ಟಿವಿ ಮುಂದೆ. ಫೋನ್ ರಿಂಗಾದರೆ ಕಣ್ಣು ಕುಕ್ಕುವಂತೆ ಉರಿಯುವ ದೀಪವೊಂದನ್ನು ಗಡಿಯಾರದವರು ಇಬ್ಬರ ಮನೆಗೂ ಮಾಡಿಟ್ಟಿದ್ದರು. ಈಗ ಎಲ್ಲರ ಕೈಯಲ್ಲೂ ಮುಖ ತೋರಿಸುವ ಹೊಸ ಫೋನುಗಳು ಬಂದಿದ್ದವು, ಮುಖ ನೋಡಿಕೊಂಡೇ ಕೈ ಭಾಷೆ ಆಡಬಹುದಿತ್ತು. ಆದರೆ ಬಡಗಿಯ ಕಣ್ಣು ಮಂಜಾಗುತ್ತ ಮಂಜಾಗುತ್ತ, ಮುಖವೆಂದರೆ ಒಂದು ಮಸುಕು ಕಲೆ ಅನ್ನುವಷ್ಟಾಗಿತ್ತು. ಅವನಿಗೆ ಕಾಣುತ್ತಿದ್ದುದು ಟಿವಿ ತುಂಬ ಮೂಡುವ ಆ ದಪ್ಪ ಬಿಳಿ ಅಕ್ಷರಗಳು ಮಾತ್ರ. ಆ ಕೀಲಿಮಣೆಯಂತೂ ಅವನ ಬೆರಳಿಗೆ ಕಣ್ಣು ಬೇಡದಷ್ಟು ಪಳಗಿತ್ತು.

ಹೀಗಿರುವಾಗ ದೂರವಾಣಿ ಕಂಪನಿಯವರು ಬೀದಿಗೆಲ್ಲ ಹೊಸ ಲೈನ್ ಎಳೆದರು. ಹಳೇ ತಂತಿ ಕಿತ್ತು, ಗೋಡೆಗೊಂದು ಬಿಳಿ ಡಬ್ಬಿ ಹೊಡೆದು, “ಇನ್ಮೇಲೆ ಮಾತು ಸ್ಫಟಿಕದ ಹಾಗೆ ಕೇಳುತ್ತೆ” ಎಂದು ಹೇಳಿ ಹೋದರು. ಆ ಭಾನುವಾರ ಗಡಿಯಾರದವರು ಎಷ್ಟು ಸಲ ಡಯಲ್ ಮಾಡಿದರೂ ಮೋಡೆಮ್ ಕಚ್ಚಿಕೊಳ್ಳಲಿಲ್ಲ. ಮುಂದಿನ ಭಾನುವಾರವೂ ಇಲ್ಲ, ಅದರ ಮುಂದಿನದೂ ಇಲ್ಲ. ನೋಡಲು ಬಂದ ಲೈನ್‌ಮನ್ ತಲೆ ಕೆರೆದುಕೊಂಡ. “ಈ ಡಬ್ಬಿಗೆ ಮನುಷ್ಯರ ಮಾತು ಮಾತ್ರ ಗೊತ್ತಮ್ಮ. ಸಿಳ್ಳೆ ಬಂದ್ರೆ ಗದ್ದಲ ಅಂದ್ಕೊಂಡು ಅಳಿಸಿಹಾಕುತ್ತೆ. ಫ್ಯಾಕ್ಸ್ ಇರೋ ಆಫೀಸುಗಳಿಗೆ ಬೇರೆ ಸೆಟ್ಟಿಂಗ್ ಇದೆ, ಆದ್ರೆ ಅದಕ್ಕೆ ಸಾಹೇಬರು ಹೂಂ ಅನ್ನಬೇಕು.”

ನರ್ಸಮ್ಮ ಬಡಗಿಯ ಸೊಸೆಗೆ ಫೋನ್ ಮಾಡಿದ್ದಳು. “ಅವರ ಅಂಗೈ ಮೇಲೆ ಬೆರಳಲ್ಲಿ ಬರೆದು ಹೇಳಿದೆ ಅತ್ತೆ, ಫೋನ್ ಕೆಟ್ಟಿದೆ ಅಂತ,” ಎಂದಿದ್ದಳು ಆ ಹೆಣ್ಣುಮಗಳು. “ಮಾವ ನಂಬ್ತಾನೇ ಇಲ್ಲ. ನಾವು ಏನೋ ಮುಚ್ಚಿಡ್ತಿದ್ದೀವಿ ಅಂತ ಅವರ ಮನಸ್ಸಿಗೆ. ಊಟ ಅರ್ಧಕ್ಕರ್ಧ ಬಿಡ್ತಾರೆ. ಆ ಟಿವಿ ಮುಂದೆ ಕೂತೇ ಇರ್ತಾರೆ.”

ಇದಿಷ್ಟನ್ನೂ ಹೇಳಲೆಂದೇ ಗಂಡ ಹೆಂಡತಿ ಕಚೇರಿಗೆ ಬಂದಿದ್ದರು. ಹೇಳಿದ್ದೂ ಆಗಿತ್ತು. ಅದಕ್ಕೆ ಬಂದ ಉತ್ತರ: ಮತ್ತೆ ಫೋನ್ ಯಾಕಮ್ಮಾ?

ನರ್ಸಮ್ಮ ಕೆಂಡವಾದಳು. “ಫೋನ್ ಯಾಕೆ ಅಂದ್ರೆ? ಮಾತಾಡೋಕೆ! ನಿಮಗ್ಯಾಕೋ ಅವರಿಗೂ ಅದಕ್ಕೇ. ಬಾಯಿ ಇದ್ದವರು ಆಡಿದ್ದಷ್ಟೇ ಮಾತಾ? ನನ್ನ ಗಂಡ ಒಂದು ಭಾನುವಾರ ಆಡೋವಷ್ಟು ಒಳ್ಳೆ ಮಾತು ನೀವು ವರ್ಷವಿಡೀ ಆಡಿದ್ದೀರೋ ಇಲ್ಲವೋ!”

“ಅಮ್ಮಾ, ಸಮಾಧಾನ. ನಮ್ಮ ಲೈನ್ ಚೆನ್ನಾಗೇ ಇದೆ. ನಿಮ್ಮ ಯಂತ್ರ ಕೆಟ್ಟಿರುತ್ತೆ, ಓಬೀರಾಯನ ಕಾಲದ್ದು. ಅದು ಕೆಲಸ ಮಾಡುತ್ತೆ ಅಂತ ತೋರಿಸಿ, ಆಮೇಲೆ ನೋಡೋಣ.”

ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಗಡಿಯಾರದವರು ಎದ್ದು ನಿಂತು ಅವಳ ತೋಳು ಹಿಡಿದು ಹೊರಗೆ ಕರೆತಂದರು. ಮೆಟ್ಟಿಲ ಮೇಲೆ ಅವರ ಕೈಗಳು ಅಷ್ಟು ಜೋರಾಗಿ ಆಡಿದ್ದನ್ನು ಅವಳು ಎಂದೂ ನೋಡಿರಲಿಲ್ಲ.

“ಅವನು ನನ್ನನ್ನ ಬಿಟ್ಟು ನಿನ್ನ ಹತ್ತಿರ ಮಾತಾಡಿದ. ಸರಿ, ಅವನಿಗೆ ಗೊತ್ತಿಲ್ಲ. ನೀನೂ ನನ್ನನ್ನ ಬಿಟ್ಟು ಅವನ ಹತ್ತಿರ ಮಾತಾಡಿದೆ. ನಿನಗೂ ಗೊತ್ತಿಲ್ಲವಾ? ಒಳಗಿದ್ದಷ್ಟು ಹೊತ್ತೂ ನೀನು ಏನಂದೆ ಅಂತ ನನಗೆ ಒಂದಕ್ಷರ ಹೇಳಲಿಲ್ಲ.”

“ನಿಮ್ಮ ಪರವಾಗಿ ತಾನೇ…” ಎಂದಳು ಅವಳು, ಬಾಯಲ್ಲೂ ಕೈಯಲ್ಲೂ.

“ನನ್ನ ಜಗಳ ನನಗೆ ಬಿಡು.”

ನರ್ಸಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಬ್ಯಾಂಕಿನಲ್ಲಿ, ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ ಇವರಿಗಾಗಿ ಗಂಟಲು ಹರಿದುಕೊಂಡದ್ದು ಯಾರು? ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಬಂದಳು. ಮನೆ ಬಾಗಿಲಲ್ಲಿ ಲೈನ್‌ಮನ್ ಸಿಕ್ಕಿ ವಿಷಯ ಕೇಳಿ, ಆಚೀಚೆ ನೋಡಿ ಮೆಲ್ಲಗೆ ಹೇಳಿದ: “ಕೆಲಸ ಮಾಡುತ್ತೆ ಅಂತ ತೋರಿಸಬೇಕು ಅಂದ್ರಾ? ಹಾಗಿದ್ರೆ ಅಲ್ಲೇ ತೋರಿಸಿ. ನಮ್ಮ ಆಫೀಸಿನ ಹಾಲ್‌ನಲ್ಲಿ ಕಂಬದ ಪಕ್ಕ ಒಂದು ಕಪ್ಪು ಫೋನ್ ಇದೆ. ಬೆಂಕಿ ಗಿಂಕಿ ಬಿದ್ರೆ ಬೇಕು ಅಂತ ಅದೊಂದಕ್ಕೆ ಹಳೇ ತಂತೀನೇ ಬಿಟ್ಟಿದ್ದಾರೆ. ನಾನು ಹೇಳಿದೆ ಅನ್ಬೇಡಿ.”

ಅವಳ ಸಿಟ್ಟು ತಟಕ್ಕನೆ ದಿಕ್ಕು ಬದಲಿಸಿತು. ಊರಿನವರ ತಂತಿಯನ್ನೆಲ್ಲ ಕಿತ್ತು, ತಮಗೆ ಮಾತ್ರ ಹಳೇದು ಇಟ್ಟುಕೊಂಡಿದ್ದಾರಾ? ಹಳೇದರ ಬೆಲೆ ಅವರಿಗೆ ಗೊತ್ತು ಅಂತಾಯಿತಲ್ಲ! ಈ ಸಲ ಮಾತ್ರ ಅವಳು ತಡಮಾಡದೆ, ಒಂದಕ್ಷರ ಬಿಡದೆ ಗಂಡನಿಗೆ ಕೈಯಲ್ಲಿ ಹೇಳಿದಳು. ಗಡಿಯಾರದವರು ತಿಳಿದುಕೊಂಡು, ಒಳಗೆ ಹೋಗಿ ಕಂಪ್ಯೂಟರನ್ನು ಹೊದಿಕೆಯಲ್ಲಿ ಸುತ್ತತೊಡಗಿದರು.

ಸೋಮವಾರ ಕಚೇರಿಯ ಹಾಲ್ ಕಿಕ್ಕಿರಿದಿತ್ತು. ಗೋಡೆಯ ಮೇಲೆ ದೊಡ್ಡದೊಂದು ಟಿವಿ, ಅದರಲ್ಲಿ ನಗುವ ಸಂಸಾರವೊಂದರ ಜಾಹೀರಾತು ತಿರುತಿರುಗಿ ಬರುತ್ತಿತ್ತು. ಗಡಿಯಾರದವರು ನೇರ ಕಂಬದ ಹತ್ತಿರ ಹೋಗಿ, ಬೆಂಚಿನ ಮೇಲೆ ಗಂಟು ಬಿಚ್ಚಿ, ಕೀಲಿಮಣೆ, ಕ್ಯಾಸೆಟ್ ಪ್ಲೇಯರ್, ಮೋಡೆಮ್ ಎಲ್ಲವನ್ನೂ ಅಂಗಡಿಯ ಮೇಜಿನ ಮೇಲೆ ಜೋಡಿಸುವಷ್ಟೇ ನಿಧಾನವಾಗಿ ಜೋಡಿಸಿದರು. ಕುರ್ಚಿ ಎಳೆದುಕೊಂಡು ಹತ್ತಿ ಟಿವಿಯ ಹಿಂದೆ ಕೈ ಹಾಕಿ ಕಂಪ್ಯೂಟರಿನ ತಂತಿ ಸಿಕ್ಕಿಸಿದರು. ನಗುವ ಸಂಸಾರ ಮಾಯವಾಗಿ ಪರದೆ ನೀಲಿಯಾಯಿತು. ಸಾಲಿನಲ್ಲಿ ನಿಂತವರು, ಏನೋ ರಿಪೇರಿ ಇರಬೇಕು ಎಂದುಕೊಂಡು ಜಾಗ ಬಿಟ್ಟರು. ಕ್ಯಾಸೆಟ್ ಕಿರ್ರೆಂದು ಓಡಿತು. ಅವರು ಕಪ್ಪು ಫೋನಿನಲ್ಲಿ ಡಯಲ್ ತಿರುಗಿಸಿ, ರಿಸೀವರನ್ನು ರಬ್ಬರ್ ಬಟ್ಟಲುಗಳಿಗೆ ಒತ್ತಿದರು. ಆಚೆ ಕಡೆ ಬಡಗಿಯನ್ನು ಟಿವಿ ಮುಂದೆ ಕೂರಿಸಿರಲು ಸೊಸೆಗೆ ಮೊದಲೇ ಹೇಳಿಯಾಗಿತ್ತು.

ಮೋಡೆಮ್‌ನ ಮೇಲಿನ ಕೆಂಪು ದೀಪ ಹತ್ತಿತು.

“ಯಾರ್ರೀ ಅದು ಟಿವಿ ಮುಟ್ಟಿದ್ದು!” ಅಧಿಕಾರಿ ಕೋಣೆಯಿಂದ ಓಡಿಬಂದ. ಅವನ ದನಿ ರಿಸೀವರಿನೊಳಗೂ ನುಗ್ಗಿತು. ಪರದೆಯ ಮೇಲೆ ಚಿತ್ರವಿಚಿತ್ರ ಚಿಹ್ನೆಗಳು ಸರಸರನೆ ಉದುರಿದವು. ನರ್ಸಮ್ಮನ ನಾಲಿಗೆಯ ತುದಿಗೆ ಬೆಳಿಗ್ಗೆಯಿಂದ ಕೂಡಿಟ್ಟ ಮಾತೆಲ್ಲ ಬಂದು ನಿಂತಿತ್ತು. ಬಾಯಿ ತೆರೆದವಳು ಪರದೆ ನೋಡಿ ಹಾಗೇ ಮುಚ್ಚಿದಳು. ಸದ್ದು ಮಾಡಿದರೆ ಅಕ್ಷರ ಕೆಡುತ್ತದೆ. ತುಟಿಯ ಮೇಲೆ ಬೆರಳಿಟ್ಟು ಅಧಿಕಾರಿಯನ್ನು ದುರುಗುಟ್ಟಿ ನೋಡಿದಳು. ವಾರ್ಡ್ ತುಂಬ ರೋಗಿಗಳನ್ನು ಸುಮ್ಮನಾಗಿಸಿದ್ದ ಆ ನೋಟಕ್ಕೆ ಹಾಲ್ ಪೂರ್ತಿ ಗಪ್‌ಚಿಪ್ಪಾಯಿತು.

ನೀಲಿ ಪರದೆಯ ಮೇಲೆ ಅಂಗೈ ಅಗಲದ ಬಿಳಿ ಅಕ್ಷರಗಳು ಒಂದೊಂದಾಗಿ ಬಂದವು.

ಏನಿದು ಕಸ. ಯಾರು

ನಾನು ಗಡಿಯಾರ, ಎಂದು ಗಡಿಯಾರದವರ ಬೆರಳು ಒತ್ತಿತು.

ಬಡಗಿಯ ಉತ್ತರ ಸಾಲುಸಾಲಾಗಿ ಬಂತು.

ಸುಳ್ಳು. ಗಡಿಯಾರ ಸತ್ತಿದ್ದಾನೆ. ನನಗೆ ಹೇಳದೆ ಮುಚ್ಚಿಟ್ಟಿದ್ದಾರೆ. ನೀನು ಯಾರು

ಸಾಲಿನಲ್ಲಿದ್ದ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಡಿಯಾರದವರು ಆ ಸಾಲನ್ನು ಓದಿ ಉತ್ತರ ಒತ್ತಿದರು.

ಸತ್ತಿಲ್ಲ. ಲೈನ್ ಸತ್ತಿತ್ತು

ಹಾಗಾದರೆ ಹೇಳು. ಶಾಲೆಯಲ್ಲಿ ನನ್ನ ಹಲ್ಲು ಮುರಿದದ್ದು ಯಾರು

ಗಡಿಯಾರದವರ ಬೆನ್ನು ಸೆಟೆದು ನಿಂತಿತು. ಬೆರಳುಗಳು ಕೀಲಿಗಳನ್ನು ಕುಟ್ಟಿದವು.

ಯಾರೂ ಮುರಿಯಲಿಲ್ಲ. ನೀನೇ ಬಿದ್ದೆ

ತಳ್ಳಿದೆ

ತಳ್ಳಲಿಲ್ಲ

ತಳ್ಳಿದೆ. ನೀನೇ ಕಣೋ. ನೀನೇ. ಇಷ್ಟು ಸುಳ್ಳು ಬೇರೆ ಯಾರು ಹೇಳ್ತಾರೆ

ಹಾಲ್‌ನಲ್ಲಿ ಯಾರೋ ತಡೆಯಲಾರದೆ ನಕ್ಕರು, ಅದರ ಹಿಂದೆಯೇ ಎಲ್ಲರೂ. ಪರದೆಯ ಮೇಲೆ ಮತ್ತೆ ಚಿಹ್ನೆಗಳ ಮಳೆ. ಮತ್ತೆ ಕಸ, ಎಂದು ಬಡಗಿ ಗದರಿದ. ನರ್ಸಮ್ಮ ಕಣ್ಣೊರೆಸಿಕೊಳ್ಳುತ್ತಲೇ ಇನ್ನೊಂದು ಕೈಯಿಂದ ಎಲ್ಲರಿಗೂ ಸುಮ್ಮನಿರಿ ಎಂದು ಸನ್ನೆ ಮಾಡಿದಳು.

ಮಾತು ಮುಗಿಸಿ, ರಿಸೀವರ್ ತೆಗೆದು ಕಪ್ಪು ಫೋನಿನ ಮೇಲಿಟ್ಟು, ಗಡಿಯಾರದವರು ಅಧಿಕಾರಿಯ ಕಡೆ ತಿರುಗಿದರು. ಪರದೆಗೆ ಬೆರಳು ತೋರಿಸಿದರು. ಆಮೇಲೆ ಫೋನಿನಿಂದ ಗೋಡೆಗೆ ಹೋದ ಹಳೇ ತಂತಿಗೆ. ಆಮೇಲೆ ತಮ್ಮ ಎದೆಗೆ. ಹೆಂಡತಿಯ ಕಡೆ ನೋಡಲೇ ಇಲ್ಲ. ನರ್ಸಮ್ಮನೂ ಬಾಯಿ ಬಿಡಲಿಲ್ಲ. ಬಿಡದೇ ಇರಲು ಅವಳಿಗೆ ಎಷ್ಟು ಕಷ್ಟವಾಯಿತೋ ಅವಳಿಗೇ ಗೊತ್ತು.

ಆ ಕೆಲಸ ಸಾಲಿನಲ್ಲಿದ್ದವರು ಮಾಡಿದರು. “ಅಲ್ರೀ, ನಿಮಗಾದ್ರೆ ಹಳೇ ತಂತಿ, ನಮಗ್ಯಾಕೆ ಡಬ್ಬಿ?” ಎಂದು ಒಬ್ಬ. “ಇವರು ಸತ್ತೇ ಹೋದ್ರು ಅಂದ್ಕೊಂಡಿದ್ನಲ್ಲಪ್ಪ ಆ ಮನುಷ್ಯ!” ಎಂದು ಸೆರಗಿನ ಹೆಂಗಸು. ಅಧಿಕಾರಿಯ ಮುಖ ಬಿಳಿಚಿಕೊಂಡಿತು. ಅವನು ನರ್ಸಮ್ಮನತ್ತ ತಿರುಗಿ, “ಇವರಿಗೆ ಹೇಳಿ, ಇವತ್ತೇ…” ಎಂದು ಶುರುಮಾಡಿದ. ಅವಳು ಎರಡೂ ಕೈ ಕಟ್ಟಿಕೊಂಡು ಚಾವಣಿ ನೋಡುತ್ತ ನಿಂತಳು. ಕೊನೆಗೆ ಅವನು ಗಡಿಯಾರದವರ ಎದುರು ಬಂದು ನಿಂತು, ಅವರ ಮುಖ ನೋಡಿ, ನಿಧಾನವಾಗಿ ತುಟಿಯಾಡಿಸಬೇಕಾಯಿತು. “ಇವತ್ತೇ ಸರಿ ಮಾಡಿಸ್ತೀನಿ. ತಪ್ಪಾಯ್ತು.” ಗಡಿಯಾರದವರು ಇನ್ನೊಮ್ಮೆ ಹೇಳು ಎಂದು ಸನ್ನೆ ಮಾಡಿದರು. ಅರ್ಥವಾಗಲಿಲ್ಲವೆಂದೋ, ಸುಮ್ಮನೆ ಮತ್ತೊಮ್ಮೆ ನೋಡಲಿಕ್ಕೋ, ನರ್ಸಮ್ಮ ಕೇಳಹೋಗಲಿಲ್ಲ.

ಸಂಜೆಯೊಳಗೆ ಲೈನ್‌ಮನ್ ಬಂದು ಮನೆಯ ಡಬ್ಬಿಗೆ ಫ್ಯಾಕ್ಸಿನ ಸೆಟ್ಟಿಂಗ್ ಹಾಕಿಕೊಟ್ಟ.

ಭಾನುವಾರ ಮೋಡೆಮ್ ಮೊದಲ ಸಲಕ್ಕೇ ಕಚ್ಚಿಕೊಂಡಿತು. ಕಂಪನಿಯವರು ಮಾಡಿದ ಅನ್ಯಾಯವನ್ನು ಗಡಿಯಾರದವರು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಬಿಡಿಸಿ ಬರೆದರು. ನರ್ಸಮ್ಮ ಹಿಂದೆ ನಿಂತು ಓದುತ್ತ ಅಲ್ಲಲ್ಲಿ ಇನ್ನಷ್ಟು ಖಾರ ಸೇರಿಸಿ ಎಂದು ಭುಜ ತಟ್ಟುತ್ತಿದ್ದಳು. ಅವರು ಸೇರಿಸುತ್ತಿದ್ದರು. ಬಡಗಿ ಎಲ್ಲ ಮುಗಿಯುವವರೆಗೆ ಕಾದು ಉತ್ತರ ಕಳಿಸಿದ.

ಲೈನ್ ಇರಲಿಲ್ಲ. ಸರಿ. ಬಸ್ಸೂ ಇರಲಿಲ್ಲವಾ

ಗಡಿಯಾರದವರು ಪರದೆಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

ಬಂದು ನನ್ನ ಕೈ ಹಿಡಿದು ನಾನಿದ್ದೀನಿ ಅಂತ ಹೇಳೋಕೆ ಯಾವ ತಂತಿ ಬೇಕಿತ್ತು. ಕಂಪನಿಯವನಿಗೆ ಬುದ್ಧಿ ಇಲ್ಲ. ನಿನಗೆ

“ನೋಡಿದ್ರಾ ಈ ಮನುಷ್ಯನ ಸೊಕ್ಕು!” ಎಂದು ನರ್ಸಮ್ಮ ಕೈಯಾಡಿಸಿದಳು. “ಇವನಿಗೋಸ್ಕರ ನಾವು ಅಷ್ಟೆಲ್ಲ ಹೋರಾಡಿದ್ರೆ ನಮಗೇ ಉಪದೇಶ! ಹೇಳಿ ಅವನಿಗೆ, ಮಂಡಿ ನೋವು ಅಂತ ಹೇಳಿ!”

ಗಡಿಯಾರದವರು ಅದ್ಯಾವುದನ್ನೂ ಹೇಳಲಿಲ್ಲ. ಮುಖ ಕೆಂಪಗಾಗಿತ್ತು, ಸಿಟ್ಟಿಗೋ ನಾಚಿಕೆಗೋ ಅವಳಿಗೆ ತಿಳಿಯಲಿಲ್ಲ. ಎರಡೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದರು.

ನಾಳೆ ಬರ್ತೀನಿ. ಬಂದು ಜಗಳ ಆಡ್ತೀನಿ

ಬಾ. ನರ್ಸಮ್ಮನ್ನೂ ಕರ್ಕೊಂಡು ಬಾ. ಅವಳಿಲ್ಲದೆ ನಿನಗೆ ಜಗಳ ಆಡೋಕೆ ಎಲ್ಲಿ ಬರುತ್ತೆ

ನರ್ಸಮ್ಮ ಆ ಸಾಲನ್ನು ಎರಡು ಸಲ ಓದಿದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಗೊಣಗುತ್ತಲೇ ಒಳಗೆ ಹೋಗಿ ಅಟ್ಟದ ಮೇಲಿನ ಚೀಲ ಕೆಳಗಿಳಿಸಿದಳು.